ಸ್ಕಾಟ್‌ನ ಬೆಂಚು, ಸಿಮೆಂಟಿನ ಶೀತ

ಪ್ರಶ್ನೆ: ನಾನು ಮಂಗಳೂರಿನವಳು, ಬಾಸೆಲ್ ಮಿಶನ್ನಿನ ಹಳೇ ಚರ್ಚಿನಲ್ಲಿ ಬೆಳೆದವಳು. ಮದುವೆಯಾಗಿ ಇಂಗ್ಲೆಂಡಿಗೆ ಬಂದು ಹದಿನಾರು ವರ್ಷವಾಯಿತು. ಈಗಿರುವುದು ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಹೋದ ವರ್ಷ ಇಲ್ಲಿಯ ಚರ್ಚ್ ಸಮಿತಿಗೆ ನನ್ನನ್ನೂ ಸೇರಿಸಿಕೊಂಡರು. ಚರ್ಚ್ ಹದಿನಾಲ್ಕನೇ ಶತಮಾನದ್ದು. 1860ರ ದಶಕದಲ್ಲಿ ಸರ್ ಗಿಲ್ಬರ್ಟ್ ಸ್ಕಾಟ್ ಎನ್ನುವವರು ಇದನ್ನು ರಿಪೇರಿ ಮಾಡಿದರಂತೆ. ಈಗ ಸಮಿತಿಯಲ್ಲಿ ಎರಡು ಗುಂಪು. ಒಂದು ಗುಂಪಿನವರು, "ಸ್ಕಾಟ್ ಹಳೆಯದನ್ನೆಲ್ಲ ಹಾಳು ಮಾಡಿದವನು. ಅವನ ಪೈನ್ ಬೆಂಚು, ಟೈಲ್ಸ್ ಎಲ್ಲ ಕಿತ್ತು ಹಾಕಿ ಕುರ್ಚಿ ತರೋಣ, ನೆಲದಡಿ ಹೀಟಿಂಗ್ ಹಾಕೋಣ" ಅನ್ನುತ್ತಾರೆ. ಇನ್ನೊಂದು ಗುಂಪಿನವರು, "ಸ್ಕಾಟ್ ಕೈಯಿಟ್ಟದ್ದನ್ನು ಯಾರೂ ಮುಟ್ಟುವ ಹಾಗಿಲ್ಲ" ಅನ್ನುತ್ತಾರೆ. ಗೋಡೆಯ ಕೆಳಗಡೆ ಒಂದಾಳೆತ್ತರ ಶೀತ ಏರಿದೆ. ಅದಕ್ಕೂ ಸ್ಕಾಟ್‌ನ ಟೈಲ್ಸೇ ಕಾರಣ ಅಂತ ಒಬ್ಬರು. ಕೆಂಪು ಟೆಲಿಫೋನ್ ಬೂತ್ ಮಾಡಿದವನೂ ಅವನೇ ಅಂತ ಮತ್ತೊಬ್ಬರು. ಭಾನುವಾರ ಬರುವವರು ಇಪ್ಪತ್ತೆರಡು ಜನ. ಜನವರಿಯಲ್ಲಿ ಚಳಿ ತಡೆಯಲಾರದೆ ಅಷ್ಟೂ ಜನ ಬರುವುದಿಲ್ಲ. ನಾನು ಯಾರ ಮಾತು ನಂಬಲಿ? ಬೆಂಚು ತೆಗೆಯಲು ಕೈ ಎತ್ತಿದರೆ ತಪ್ಪಾ?

ಉತ್ತರ: ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. ಕೆಂಪು ಟೆಲಿಫೋನ್ ಬೂತ್ ಇವನದಲ್ಲ, ಇವನ ಮೊಮ್ಮಗ ಸರ್ ಜೈಲ್ಸ್ ಗಿಲ್ಬರ್ಟ್ ಸ್ಕಾಟ್‌ನದು. ಲಿವರ್‌ಪೂಲಿನ ದೊಡ್ಡ ಆಂಗ್ಲಿಕನ್ ಕೆಥೀಡ್ರಲ್ಲೂ ಆ ಮೊಮ್ಮಗನದೇ. ಜೈಲ್ಸ್ ಹುಟ್ಟಿದ್ದು 1880ರಲ್ಲಿ, ತಾತ ತೀರಿಕೊಂಡು ಎರಡು ವರ್ಷವಾದ ಮೇಲೆ. ನಡುವೆ ಒಬ್ಬ ಮಗ ಇದ್ದಾನೆ, ಅವನ ಹೆಸರೂ ಜಾರ್ಜ್ ಗಿಲ್ಬರ್ಟ್ ಸ್ಕಾಟ್! ಇನ್ನೊಬ್ಬ ಮಗ ಜಾನ್ ಓಲ್ಡ್ರಿಡ್ ಸ್ಕಾಟ್, ಅವನೂ ಚರ್ಚ್ ಕಟ್ಟುವವನೇ. ಹೀಗಾಗಿ ಹಳೆಯ ಕಾಗದಪತ್ರದಲ್ಲಿ ಬರೀ 'ಮಿಸ್ಟರ್ ಸ್ಕಾಟ್' ಅಂತಿದ್ದರೆ ಇಸವಿ ನೋಡದೆ ತೀರ್ಮಾನಕ್ಕೆ ಬರಬೇಡಿ. ನಿಮ್ಮ ಚರ್ಚಿನ ಕೆಲಸ 1860ರ ದಶಕದ್ದು ಅಂದರೆ ಅದು ತಾತನೇ.

ಇನ್ನು ನಿಮ್ಮ ಪತ್ರಕ್ಕೆ ಬರುತ್ತೇನೆ. ಅದರಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಸ್ಕಾಟ್ ಹಾಳು ಮಾಡಿದನಾ? ಶೀತ ಯಾಕೆ? ಬೆಂಚು ತೆಗೆಯಬಹುದಾ? ಮೊದಲನೆಯದು ಇತ್ಯರ್ಥವಾದರೆ ಉಳಿದೆರಡು ತಾವಾಗಿ ಬಗೆಹರಿಯುತ್ತವೆ ಅಂತ ನಿಮ್ಮ ಸಮಿತಿಯವರು ಅಂದುಕೊಂಡ ಹಾಗಿದೆ. ಹಾಗೆ ಆಗುವುದಿಲ್ಲ. ಸ್ಕಾಟ್ ಒಳ್ಳೆಯವನಾಗಿದ್ದರೂ ಕೆಟ್ಟವನಾಗಿದ್ದರೂ ನಿಮ್ಮ ಗೋಡೆಯ ಶೀತ ಅಲ್ಲೇ ಇರುತ್ತದೆ. ಇಪ್ಪತ್ತು ವರ್ಷ ಇಂತಹ ಚರ್ಚುಗಳ ರಿಪೇರಿ ಕೆಲಸದಲ್ಲೇ ಇದ್ದವನು ನಾನು. ಸತ್ತವನ ಮೇಲೆ ತಪ್ಪು ಹೊರಿಸಿ ಬದುಕಿರುವ ನೀರನ್ನು ಬಿಟ್ಟುಬಿಡುವುದು ಸಮಿತಿಗಳ ಹಳೆಯ ಅಭ್ಯಾಸ.

ಈ ಮನುಷ್ಯ ಯಾರು ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಅವನ ಮೇಲಿನ ಸಿಟ್ಟು ಅರ್ಥವಾಗುವುದಿಲ್ಲ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹುಟ್ಟಿದ್ದು 1811ರಲ್ಲಿ, ಬಕಿಂಗ್‌ಹ್ಯಾಮ್‌ಶೈರಿನ ಗಾಕಾಟ್ ಎಂಬ ಹಳ್ಳಿಯಲ್ಲಿ. ಅಪ್ಪ ಪಾದ್ರಿ. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರಿಗೆ ಸಂಬಂಧಪಟ್ಟ ಹೊಸ ಕಾನೂನು ಬಂತು. ಊರೂರಿಗೂ ವರ್ಕ್‌ಹೌಸ್ ಬೇಕಾಯಿತು. ವರ್ಕ್‌ಹೌಸ್ ಅಂದರೆ ದಿಕ್ಕಿಲ್ಲದವರನ್ನು ಕೂಡಿಹಾಕಿ ದುಡಿಸುವ ಮನೆ. ಸ್ಕಾಟ್ ಮತ್ತು ಅವನ ಪಾಲುದಾರ ಮಾಫಟ್ ಸೇರಿ ಇಂಥವನ್ನು ನಲವತ್ತಕ್ಕೂ ಜಾಸ್ತಿ ಕಟ್ಟಿದರು. ಅವನ ಮೊದಲ ಸಂಪಾದನೆ ಆ ಕೆಲಸದ್ದು. ಆಮೇಲೆ ಪ್ಯೂಜಿನ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿಯ ಬರಹ ಓದಿ, ಚೂಪು ಕಮಾನಿನ ಮಧ್ಯಯುಗದ ಗಾಥಿಕ್ ಶೈಲಿಯೊಂದೇ ಕ್ರೈಸ್ತರ ನಿಜವಾದ ಶೈಲಿ ಎಂಬ ನಂಬಿಕೆಗೆ ಬಿದ್ದ. 1844ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸೇಂಟ್ ನಿಕೊಲಾಯ್ ಚರ್ಚಿನ ಸ್ಪರ್ಧೆಗೆ ನಕ್ಷೆ ಕಳಿಸಿ, ಕೊನೆಗೆ ಕೆಲಸ ಗಿಟ್ಟಿಸಿಕೊಂಡ. ಆ ಚರ್ಚಿನ ಗೋಪುರ 1874ರಲ್ಲಿ ಮುಗಿದಾಗ 147 ಮೀಟರ್ ಎತ್ತರ. ಎರಡು ವರ್ಷ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡವೇ ಇರಲಿಲ್ಲ. 1943ರ ಬಾಂಬ್ ದಾಳಿಯಲ್ಲಿ ಚರ್ಚ್ ಹೋಯಿತು, ಗೋಪುರ ಇವತ್ತೂ ನಿಂತಿದೆ.

ಅಲ್ಲಿಂದ ಮುಂದೆ ಕೆಲಸಕ್ಕೆ ಲೆಕ್ಕವಿಲ್ಲ. 1847ರಲ್ಲಿ ಈಲೀ ಕೆಥೀಡ್ರಲ್, 1849ರಿಂದ ವೆಸ್ಟ್‌ಮಿನ್‌ಸ್ಟರ್ ಆಬಿಯ ಉಸ್ತುವಾರಿ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನ ಮುಂದಿನ ಕೆಂಪು ಇಟ್ಟಿಗೆಯ ಹೋಟೆಲು ನೋಡಿರುತ್ತೀರಿ, ಅದು ಅವನದು. ಆಲ್ಬರ್ಟ್ ಮೆಮೋರಿಯಲ್ ಅವನದು. ನಮ್ಮ ಕಡೆಯವರು ತಿಳಿಯದೇ ನೋಡಿರುವ ಅವನ ಕಟ್ಟಡ ಮುಂಬಯಿಯಲ್ಲಿದೆ: ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ಅದರ ಪಕ್ಕದ ಗ್ರಂಥಾಲಯ ಮತ್ತು ರಾಜಾಬಾಯಿ ಗಡಿಯಾರ ಗೋಪುರ. ಸ್ಕಾಟ್ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಲಂಡನ್ನಿನಿಂದ ನಕ್ಷೆ ಕಳಿಸಿದ, ಇಲ್ಲಿನವರು ಕಟ್ಟಿದರು. ಗೋಪುರ ಮುಗಿದದ್ದು 1878ರ ನವೆಂಬರಿನಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು.

ಒಟ್ಟು ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಿಗೆ ಅವನ ಕೈ ತಾಗಿದೆ. ಕಟ್ಟಿದ್ದು ಕೆಲವು, ರಿಪೇರಿ ಮಾಡಿದ್ದು ಬಹಳ. ಒಬ್ಬ ಮನುಷ್ಯನಿಂದ ಅಷ್ಟಾಗುತ್ತದಾ ಅಂತ ಕೇಳಿದರೆ, ಆಗುವುದಿಲ್ಲ. ಲಂಡನ್ನಿನ ಸ್ಪ್ರಿಂಗ್ ಗಾರ್ಡನ್ಸ್‌ನಲ್ಲಿ ಅವನ ಆಫೀಸು ಇತ್ತು. ನಕ್ಷೆ ಬರೆಯುವ ಹುಡುಗರಿಂದ ತುಂಬಿದ ಆಫೀಸು. ಸ್ಕಾಟ್ ರೈಲಿನಲ್ಲಿ ಹೋಗುತ್ತಿದ್ದ, ಚರ್ಚ್ ನೋಡುತ್ತಿದ್ದ, ಒಂದಿಷ್ಟು ಗೀಚಿಕೊಂಡು ಸೂಚನೆ ಕೊಟ್ಟು ಮುಂದಿನ ರೈಲು ಹತ್ತುತ್ತಿದ್ದ. ಒಮ್ಮೆ ಯಾವುದೋ ಊರಿನ ಸ್ಟೇಷನ್ನಿನಲ್ಲಿ ಇಳಿದು, ಬಂದದ್ದು ಯಾಕೆ ಅಂತಲೇ ಮರೆತುಹೋಗಿ, "ನಾನಿಲ್ಲಿ ಯಾಕಿದ್ದೇನೆ?" ಅಂತ ಆಫೀಸಿಗೇ ತಂತಿ ಹೊಡೆದನಂತೆ. ಇದು ಶಿಷ್ಯರು ಹೇಳಿಕೊಂಡು ನಗುತ್ತಿದ್ದ ಕಥೆ, ನಡೆದದ್ದೇ ಅಂತ ಆಣೆ ಮಾಡಲಾರೆ. ಆದರೆ ನಿಮಗೆ ಬೇಕಾದ ವಿಷಯ ಇದರಲ್ಲೇ ಇದೆ. 'ಸ್ಕಾಟ್ ಮಾಡಿದ್ದು' ಅಂತ ಹೇಳುವ ಎಲ್ಲವೂ ಸ್ಕಾಟ್ ಮನಸ್ಸಿಟ್ಟು ಮಾಡಿದ್ದಲ್ಲ. ಒಂದು ಕಡೆ ಬಲಿಪೀಠದ ಹಿಂದಿನ ಕೆತ್ತನೆಗೆ ಅವನೇ ಗಂಟೆಗಟ್ಟಲೆ ಕೂತಿರುತ್ತಾನೆ. ಇನ್ನೊಂದು ಕಡೆ ಬೆಂಚಿನ ನಕ್ಷೆ ಆಫೀಸಿನ ಡ್ರಾಯರಿನಿಂದ ತೆಗೆದು ಕೊಟ್ಟದ್ದಾಗಿರುತ್ತದೆ, ಅದೇ ಬೆಂಚು ಪಕ್ಕದ ಮೂರು ಊರಲ್ಲೂ ಇರುತ್ತದೆ.

ಈಗ ಆರೋಪ. ಸ್ಕಾಟ್ ಹಾಳು ಮಾಡಿದ ಅನ್ನುವುದು ಪೂರ್ತಿ ಸುಳ್ಳಲ್ಲ. ಅವನ ಕಾಲದಲ್ಲಿ ಹದಿನಾಲ್ಕನೇ ಶತಮಾನದ ಗಾಥಿಕ್ಕೇ ಶ್ರೇಷ್ಠ, ಅದರ ಹಿಂದಿನದು ಎಳಸು, ಮುಂದಿನದು ಇಳಿಗಾಲದ್ದು ಎಂಬ ನಂಬಿಕೆ ಬಲವಾಗಿತ್ತು. 1839ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳು ಕಟ್ಟಿದ ಕ್ಯಾಮ್ಡನ್ ಸೊಸೈಟಿ ಇದನ್ನು ಊರೂರಿಗೂ ಹಬ್ಬಿಸಿತು. ಅದರ ಹೊಡೆತಕ್ಕೆ ಹದಿನೇಳು, ಹದಿನೆಂಟನೇ ಶತಮಾನದ ಮರದ ಕೆಲಸ, ಅಟ್ಟ, ಎತ್ತರದ ಪೀಠ ಎಲ್ಲ ಸೌದೆಯಾದವು. ಗೋಡೆಯ ಒಳಗಿನ ಗಾರೆ ಕೆರೆದು ಕಲ್ಲು ಕಾಣುವಂತೆ ಮಾಡಿದರು. ಆ ಗಾರೆಯ ಮೇಲೆ ಮಧ್ಯಯುಗದ ಚಿತ್ರಗಳಿದ್ದರೆ ಅವೂ ಗುದ್ದಲಿಗೆ ಹೋದವು. ಸ್ಕಾಟ್ ಈ ಗಾಳಿಗೆ ಹೊರತಾಗಿರಲಿಲ್ಲ.

ತಮಾಷೆ ಏನಂದರೆ, ಹೀಗೆ ಮಾಡಬೇಡಿ ಅಂತ ಮೊದಲು ಬರೆದವರಲ್ಲಿ ಅವನೂ ಒಬ್ಬ. 1850ರಲ್ಲೇ ಒಂದು ಪುಟ್ಟ ಪುಸ್ತಕ ತಂದು, ಹಳೆಯ ಚರ್ಚಿನಲ್ಲಿ ಉಳಿದಿರುವುದನ್ನು ಆದಷ್ಟು ಹಾಗೆಯೇ ಉಳಿಸಿ, ಬೇರೆ ಬೇರೆ ಕಾಲದ ಕೆಲಸಗಳಿಗೂ ಬೆಲೆ ಕೊಡಿ ಅಂತ ಕೇಳಿಕೊಂಡಿದ್ದ. ಬರೆದದ್ದು ಒಂದು, ಮಾಡಿದ್ದು ಇನ್ನೊಂದು. ಪಾದ್ರಿ ದುಡ್ಡು ಕೂಡಿಸಿಕೊಂಡು ಎದುರಿಗೆ ನಿಂತಿರುತ್ತಾನೆ, ಜಮೀನ್ದಾರ 'ಚೆನ್ನಾಗಿ ಕಾಣಬೇಕು' ಅನ್ನುತ್ತಾನೆ, ಗೋಡೆ ನಿಜಕ್ಕೂ ಬೀಳುವ ಹಾಗಿರುತ್ತದೆ. ಈ ಇಕ್ಕಟ್ಟು ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ನಾನು ಅವನನ್ನು ಪೂರ್ತಿ ಬೈಯಲಾರೆ.

ಇನ್ನೊಂದು ಮಗ್ಗುಲನ್ನೂ ನೋಡಿ. 1861ರ ಫೆಬ್ರವರಿ 21ರಂದು ಚಿಚೆಸ್ಟರ್ ಕೆಥೀಡ್ರಲ್ಲಿನ ಗೋಪುರ ಕುಸಿಯಿತು. ಚೂಪಾದ ಶಿಖರ ಅಡ್ಡಬೀಳಲಿಲ್ಲ, ನಿಂತಲ್ಲೇ ಕೆಳಕ್ಕೆ ಇಳಿದು ಚರ್ಚಿನ ಹೊಟ್ಟೆಯೊಳಗೆ ಹೋಯಿತು. ಸ್ಕಾಟ್ ಹಳೆಯ ಚಿತ್ರಗಳನ್ನು, ಬಿದ್ದ ಕಲ್ಲುಗಳನ್ನು ನೋಡಿ ನೋಡಿ 1866ರ ಹೊತ್ತಿಗೆ ಮತ್ತೆ ಎಬ್ಬಿಸಿದ. ಮೊದಲಿಗಿಂತ ಸುಮಾರು ಆರು ಅಡಿ ಎತ್ತರ, ಅಷ್ಟೇ ವ್ಯತ್ಯಾಸ. ವೇಲ್ಸ್‌ನ ಸೇಂಟ್ ಡೇವಿಡ್ಸ್‌ನಲ್ಲೂ ಹೀಗೆಯೇ. ನಡುಗೋಪುರ ಹೊತ್ತ ಕಂಬಗಳು ಜಜ್ಜಿಹೋಗಿದ್ದವು. ಗೋಪುರಕ್ಕೆ ಮರದ ಆಸರೆ ಕೊಟ್ಟು, ಅದನ್ನು ಮೇಲೆಯೇ ನಿಲ್ಲಿಸಿಕೊಂಡು, ಕೆಳಗಿನ ಕಂಬ ಹೊಸದಾಗಿ ಕಟ್ಟಿಸಿದ. ಇಂಥ ಕೆಲಸ ಒಮ್ಮೆಯಾದರೂ ಹತ್ತಿರದಿಂದ ನೋಡಿದವರಿಗೆ ಅದರ ಎದೆಗಾರಿಕೆ ಗೊತ್ತಾಗುತ್ತದೆ. ಸ್ಕಾಟ್ ಇಲ್ಲದಿದ್ದರೆ ಇವತ್ತು ನಾವು ಫೋಟೋ ತೆಗೆದುಕೊಳ್ಳುವ ಎಷ್ಟೋ ಚರ್ಚುಗಳು ಕಲ್ಲಿನ ರಾಶಿಯಾಗಿರುತ್ತಿದ್ದವು.

ಹಾಗಾದರೆ ಹೆಸರು ಕೆಟ್ಟದ್ದು ಹೇಗೆ? 1874ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ ಕಲಾ ವಿಮರ್ಶಕ ಜಾನ್ ರಸ್ಕಿನ್‌ಗೆ ಚಿನ್ನದ ಪದಕ ಕೊಡಲು ಹೋಯಿತು. ರಸ್ಕಿನ್ ಬೇಡ ಅಂದುಬಿಟ್ಟ. ನೀವು ಹಳೆಯ ಕಟ್ಟಡಗಳನ್ನು ಕೆಡವುತ್ತಿರುವಾಗ ನನಗೇಕೆ ಪದಕ ಅನ್ನುವುದು ಅವನ ವಾದ. ಆಗ ಆ ಸಂಸ್ಥೆಯ ಅಧ್ಯಕ್ಷ ಬೇರೆ ಯಾರೂ ಅಲ್ಲ, ಸ್ಕಾಟ್. ಮೂರು ವರ್ಷದ ಮೇಲೆ, 1877ರ ಮಾರ್ಚಿನಲ್ಲಿ, ಟ್ಯೂಕ್ಸ್‌ಬರಿ ಆಬಿಯನ್ನು ಸ್ಕಾಟ್ ಕೈಗೆತ್ತಿಕೊಂಡ ಸುದ್ದಿ ಓದಿ ಕವಿ, ವಿನ್ಯಾಸಗಾರ ವಿಲಿಯಂ ಮಾರಿಸ್ ಪತ್ರಿಕೆಗೆ ಬೆಂಕಿಯಂಥ ಪತ್ರ ಬರೆದ. ಅದೇ ತಿಂಗಳು ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಹುಟ್ಟಿತು. ಗೋಡೆ ಕೆರೆಯುವುದರ ವಿರುದ್ಧ ಹುಟ್ಟಿದ್ದಕ್ಕೆ ಅದಕ್ಕೆ ಬಿದ್ದ ಅಡ್ಡಹೆಸರು 'ಆಂಟಿ ಸ್ಕ್ರೇಪ್'. ಅದು ಇವತ್ತೂ ಇದೆ, ನಿಮ್ಮ ಅರ್ಜಿಯನ್ನೂ ಅವರು ನೋಡಬಹುದು. ಈ ಮಾರಿಸ್ ಹುಡುಗನಾಗಿದ್ದಾಗ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಆಫೀಸಿನಲ್ಲಿ ಕೆಲಸ ಕಲಿತವನು. ಆ ಸ್ಟ್ರೀಟ್ ಅದಕ್ಕೆ ಮೊದಲು ಸ್ಕಾಟ್‌ನ ಆಫೀಸಿನಲ್ಲಿದ್ದವನು. ಅಂದರೆ ಮೊಮ್ಮಗ ಶಿಷ್ಯನೇ ತಾತನ ಮೇಲೆ ತಿರುಗಿಬಿದ್ದ. ಮರುವರ್ಷ, 1878ರ ಮಾರ್ಚ್ 27ರಂದು ಸ್ಕಾಟ್ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲೇ ಹುಗಿದರು.

ನಮ್ಮ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರ ನೋಡಿದವರಿಗೆ ಈ ಜಗಳ ಹೊಸದೇನಲ್ಲ. ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್, ಪ್ರಾಕಾರಕ್ಕೆ ಗ್ರಾನೈಟ್. ಮಾಡಿದವರಿಗೆ ಭಕ್ತಿಯಿತ್ತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಸ್ಕಾಟ್‌ಗೂ ಇತ್ತು.

ಇಲ್ಲಿ ನಿಮ್ಮ ಮೊದಲ ಗುಂಪಿನ ತರ್ಕ ಎಲ್ಲಿ ಎಡವುತ್ತದೆ ನೋಡಿ. ಸ್ಕಾಟ್ ತೆಗೆದುಹಾಕಿದ್ದು ಹೋಯಿತು. ಅವನ ಬೆಂಚು ಕಿತ್ತರೆ ಅದು ವಾಪಸ್ ಬರುವುದಿಲ್ಲ. ಹಳೆಯ ಅಟ್ಟವೂ ಬರುವುದಿಲ್ಲ, ಗಾರೆಯ ಮೇಲಿನ ಚಿತ್ರವೂ ಬರುವುದಿಲ್ಲ. ಸಿಗುವುದು ಖಾಲಿ ನೆಲ, ಅದರ ಮೇಲೆ ಕುರ್ಚಿ. ಆ ಬೆಂಚಿಗೆ ಈಗ ನೂರೈವತ್ತು ದಾಟಿದ ವಯಸ್ಸು. ಸ್ಕಾಟ್ ಸೌದೆ ಮಾಡಿದ ಎಷ್ಟೋ ಮರದ ಕೆಲಸಕ್ಕೆ ಆಗ ಅಷ್ಟು ವಯಸ್ಸೂ ಆಗಿರಲಿಲ್ಲ! ಅವನು ಮಾಡಿದ ತಪ್ಪನ್ನು ಖಂಡಿಸುತ್ತಲೇ ಅದೇ ತಪ್ಪು ನೀವೂ ಮಾಡಿದ ಹಾಗಾಗುತ್ತದೆ, ಅಲ್ವಾ?

ಬೆಂಚಿಗೂ ಒಂದು ಕಥೆಯಿದೆ, ಅದು ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಮೊದಲು ಇಂಗ್ಲೆಂಡಿನ ಚರ್ಚುಗಳಲ್ಲಿ ಬಾಗಿಲಿರುವ ಎತ್ತರದ ಮರದ ಗೂಡುಗಳಿದ್ದವು. ಬೇಲಿ ಹಾಕಿದ ಹಾಗೆ. ಉಳ್ಳವರು ಬಾಡಿಗೆ ಕೊಟ್ಟು ಅಥವಾ ಮನೆತನದ ಹಕ್ಕಿನಿಂದ ಒಳಗೆ ಕೂರುತ್ತಿದ್ದರು. ಬಡವರಿಗೆ ಹಿಂದುಗಡೆ ಜಾಗ, ಇಲ್ಲವೇ ನಡುದಾರಿಯಲ್ಲಿ. 1818ರಲ್ಲಿ ಶುರುವಾದ ಚರ್ಚ್ ಬಿಲ್ಡಿಂಗ್ ಸೊಸೈಟಿ ರಿಪೇರಿಗೆ ಅನುದಾನ ಕೊಡುತ್ತಿತ್ತು, ಆದರೆ ಒಂದು ಷರತ್ತು: ಬಾಡಿಗೆಯಿಲ್ಲದ ಆಸನಗಳು ಹೆಚ್ಚಬೇಕು. ಒಂದೇ ಎತ್ತರದ, ಬಾಗಿಲಿಲ್ಲದ ಪೈನ್ ಬೆಂಚುಗಳು ಸಾಲಾಗಿ ಬಂದದ್ದು ಹೀಗೆ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು ಎನ್ನುವ ಮಾತು ಮರದ ರೂಪದಲ್ಲಿ ಬಂದಂತೆ. ನೀವು ಕೂತಾಗ ಸೊಂಟ ನೋಯುತ್ತದೆ ನಿಜ, ನನಗೂ ನೋಯುತ್ತದೆ. ಆದರೂ ಅದನ್ನು ಬರೀ 'ಅಗ್ಗದ ವಿಕ್ಟೋರಿಯನ್ ಸಾಮಾನು' ಅಂತ ಬದಿಗೆ ತಳ್ಳುವುದು ಸರಿಯಲ್ಲ.

ಆ ಸೊಸೈಟಿಯ ಕಡತಗಳು ಲಂಡನ್ನಿನ ಲ್ಯಾಂಬೆತ್ ಪ್ಯಾಲೆಸ್ ಗ್ರಂಥಾಲಯದಲ್ಲಿವೆ. ನಿಮ್ಮ ಚರ್ಚಿಗೆ ಅನುದಾನ ಬಂದಿದ್ದರೆ ಆಸನಗಳ ನಕ್ಷೆ ಅಲ್ಲಿ ಸಿಗುತ್ತದೆ, ಎಷ್ಟೋ ಸಲ 'ಮೊದಲು' ಮತ್ತು 'ನಂತರ' ಎರಡೂ. ಆ ಎರಡು ಹಾಳೆ ಮುಂದಿಟ್ಟರೆ ಸಮಿತಿಯ ಅರ್ಧ ಜಗಳ ನಿಲ್ಲುತ್ತದೆ. ಯಾವುದು ಸ್ಕಾಟ್‌ನದು, ಯಾವುದು ಅವನಿಗಿಂತ ಹಿಂದಿನದು, ಯಾವುದು ಅವನ ಮೇಲೆ ಬಂದದ್ದು ಅಂತ ಗೊತ್ತಾಗದೆ ಒಂದು ಮೊಳೆಯನ್ನೂ ಕೀಳಬೇಡಿ. ಕಟ್ಟಡದಲ್ಲೇ ಓದುವುದೂ ಇದೆ. ಗೋಪುರದ ಗೋಡೆ ಚರ್ಚಿನ ಮಾಡಿಗೆ ತಾಗುವಲ್ಲಿ ಓರೆಯಾದ ಹಳೆಯ ಗೆರೆ ಕಾಣುತ್ತದಾ ನೋಡಿ, ಮಾಡು ಮೊದಲು ಎಷ್ಟು ಎತ್ತರಕ್ಕಿತ್ತು ಅಂತ ಅದು ಹೇಳುತ್ತದೆ. ಅಲುಗಾಡುವ ಟೈಲ್ ಒಂದಿದ್ದರೆ ಮೆಲ್ಲಗೆ ಎತ್ತಿ ಬೆನ್ನು ನೋಡಿ. ತಯಾರಿಸಿದವರ ಹೆಸರು ಒತ್ತಿರುವುದು ಸಾಮಾನ್ಯ. ಮಿಂಟನ್ ಇರಬಹುದು, ಹೆರೆಫರ್ಡ್ ಪಕ್ಕದ ಲಗ್ವರ್ಡೀನಿನ ಗಾಡ್ವಿನ್ ಇರಬಹುದು. ಗಾಡ್ವಿನ್‌ನ ಟೈಲ್ಸ್ ಮೇಲೆ ಸ್ಕಾಟ್‌ಗೆ ಮೆಚ್ಚುಗೆಯಿತ್ತು. ಈ ಟೈಲ್ಸಿನ ಚಿತ್ತಾರ ಮೇಲೆ ಬಳಿದ ಬಣ್ಣವಲ್ಲ. ಕೆಂಪು ಮಣ್ಣಿನಲ್ಲಿ ಅಚ್ಚೊತ್ತಿ, ಆ ಗುಳಿಯೊಳಗೆ ಬಿಳಿ ಮಣ್ಣು ತುಂಬಿ ಸುಟ್ಟದ್ದು. ಅದಕ್ಕೇ ನೂರೈವತ್ತು ವರ್ಷ ಬೂಟುಗಾಲು ತುಳಿದರೂ ಹೂವು ಹೂವಾಗಿಯೇ ಉಳಿದಿರುತ್ತದೆ.

ಇನ್ನು ಶೀತದ ವಿಷಯ. ಇದು ಪೂರ್ತಿ ನನ್ನ ಕಸುಬಿನ ಮಾತು.

ನಿಮ್ಮ ಗೋಡೆ ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಸುಣ್ಣ ಬೆರೆಸಿದ ಚೂರುಕಲ್ಲು. ಇದಕ್ಕೆ ಅಡಿಪಾಯದಲ್ಲಿ ನೀರು ತಡೆಯುವ ಹಾಳೆ ಇಲ್ಲ, ಎಂದೂ ಇರಲಿಲ್ಲ. ಮಣ್ಣಿನ ತೇವ ಒಳಗೆ ಬರುತ್ತದೆ, ಸುಣ್ಣದ ಗಾರೆಯ ಸಂದಿನಿಂದ ಆರಿ ಹೊರಗೆ ಹೋಗುತ್ತದೆ. ಹೀಗೆ ಆರುನೂರು ವರ್ಷ ನಡೆದಿದೆ. ಇಪ್ಪತ್ತನೇ ಶತಮಾನದಲ್ಲಿ ಯಾರೋ ಬಂದು ಆ ಸಂದುಗಳಿಗೆ ಸಿಮೆಂಟ್ ಮೆತ್ತಿದರು. ಸಿಮೆಂಟ್ ಗಟ್ಟಿ, ನೀರು ಬಿಡುವುದಿಲ್ಲ. ಆಗ ತೇವ ಹೊರಡುವ ದಾರಿ ಕಲ್ಲಿನದೇ ಆಗುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಉಳಿದ ತೇವ ಒಳಗೆ ಮೇಲಕ್ಕೆ ಹತ್ತುತ್ತದೆ. ಹೊರಗೆ ಹೋಗಿ ಮನೆಯ ಬೀಗದ ಕೈಯಿಂದ ಸಂದನ್ನು ಗೀರಿ ನೋಡಿ. ಬೂದಿಬಣ್ಣವಿದ್ದು ಗೀರೇ ಬೀಳದಿದ್ದರೆ ಸಿಮೆಂಟ್. ಬಿಳಿಚಾಗಿ ಪುಡಿ ಉದುರಿದರೆ ಸುಣ್ಣ. ಸಿಮೆಂಟಿನ ಗೆರೆ ಎದ್ದು ನಿಂತು ಕಲ್ಲು ಒಳಗೆ ಸವೆದಿದ್ದರಂತೂ ಕೀ ಕೂಡ ಬೇಡ, ಕಣ್ಣೇ ಸಾಕು.

ಸಮಾಧಿಗಳ ಮಾತೂ ಇದೆ. ಚರ್ಚಿನ ಸುತ್ತ ನೂರಾರು ವರ್ಷ ಹೂಳುತ್ತಾ ಬಂದು ನೆಲ ಏರಿರುತ್ತದೆ. ಒಳಗಿನ ನೆಲಕ್ಕಿಂತ ಹೊರಗಿನ ನೆಲ ಒಂದೆರಡು ಅಡಿ ಎತ್ತರ ಇರುವುದು ಮಾಮೂಲು. ಒಳಗಡೆ ಶೀತ ಮುಚ್ಚಲು ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಮಾಡಿ, ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರೆ ತೇವ ಅದರ ಮೇಲಿನ ಅಂಚಿಗೆ ಏರಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ನೀವು ಬರೆದ 'ಒಂದಾಳೆತ್ತರ' ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಇದರ ಮೇಲೆ. ಚಳಿಗೆ ಅಂತ ಗ್ಯಾಸ್ ಸಿಲಿಂಡರಿನ ಹೀಟರ್ ಇಟ್ಟಿದ್ದೀರಾ? ಗ್ಯಾಸ್ ಉರಿದರೆ ನೀರಿನ ಆವಿ ಹೊರಡುತ್ತದೆ, ಅದು ತಣ್ಣನೆಯ ಗೋಡೆಗೆ ಹೋಗಿ ಕೂರುತ್ತದೆ. ಇದಿಷ್ಟರಲ್ಲಿ ಸ್ಕಾಟ್‌ನ ಟೈಲ್ಸಿನ ಪಾಲು ಬಹಳ ಕಮ್ಮಿ. ಅವುಗಳ ನಡುವಿನ ಸಂದು ಅಷ್ಟಿಷ್ಟು ಉಸಿರಾಡುತ್ತದೆ. ಅದರ ಮೇಲೆ ರಬ್ಬರ್ ಬೆನ್ನಿನ ಕಾರ್ಪೆಟ್ ಹಾಸಿದ್ದರೆ ಮಾತ್ರ ಇವತ್ತೇ ಸುತ್ತಿಡಿ.

ಈಗ ದಾರಿಗಳು. ಎಲ್ಲ ಕಿತ್ತು ಹೊಸ ನೆಲ, ನೆಲದಡಿ ಹೀಟಿಂಗ್, ಕುರ್ಚಿ ಅನ್ನುವುದು ಒಂದು. ಕೇಳಲು ಚೆನ್ನಾಗಿದೆ. ಬೆಂಚುಗಳ ಕೆಳಗೆ ಮರದ ಜಗಲಿ ಇರುತ್ತದೆ, ಅದರಡಿ ಟೊಳ್ಳು. ಬೆಂಚು ತೆಗೆದರೆ ಆ ಟೊಳ್ಳು ತುಂಬಬೇಕು. ಕಾಂಕ್ರೀಟ್ ಸುರಿದು ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೆಲದ ತೇವಕ್ಕೆ ಮೇಲೆ ಬರಲು ಜಾಗವಿಲ್ಲ. ಅದು ಪಕ್ಕಕ್ಕೆ ಸರಿದು ಗೋಡೆಗೆ, ಕಂಬದ ಬುಡಕ್ಕೆ ನುಗ್ಗುತ್ತದೆ. ನಿಮ್ಮ ಶೀತ ಹೋಗುವುದರ ಬದಲು ಜಾಸ್ತಿಯಾಗುತ್ತದೆ. ಸುಣ್ಣದ ಕಾಂಕ್ರೀಟ್ ಹಾಕಿ ಈ ತೊಂದರೆ ತಪ್ಪಿಸಬಹುದು, ಆದರೆ ಖರ್ಚು, ಸಮಯ ಎರಡೂ ಹೆಚ್ಚು. ಅಗೆದಲ್ಲಿ ಎಲುಬು ಸಿಗುತ್ತದೆ, ಪುರಾತತ್ವದವರು ಬರಬೇಕು. ನೆಲದಡಿ ಹೀಟಿಂಗ್ ನಿಧಾನಕ್ಕೆ ಕಾಯುವಂಥದ್ದು. ವಾರಕ್ಕೆ ಒಂದು ಗಂಟೆ ಇಪ್ಪತ್ತೆರಡು ಜನಕ್ಕಾಗಿ ಎರಡು ದಿನ ಮೊದಲೇ ಹಚ್ಚಿಡುವುದು ನನಗಂತೂ ಲೆಕ್ಕಕ್ಕೆ ಬರುವುದಿಲ್ಲ. ವಾರವಿಡೀ ತೆರೆದಿರುವ ಊರಿನ ಸಭಾಂಗಣವಾಗಿ ಚರ್ಚನ್ನು ಬಳಸುವ ಯೋಜನೆಯಿದ್ದರೆ ಮಾತು ಬೇರೆ.

ಟೈಲ್ಸ್ ಎತ್ತುವಾಗಿನ ಅಪಾಯವನ್ನೂ ಹೇಳಿಬಿಡುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಒಂದು ಚರ್ಚಿನಲ್ಲಿ ಟೈಲ್ಸ್ ಎತ್ತಿ ಆಮೇಲೆ ಮತ್ತೆ ಕೂರಿಸುವುದು ಅಂತ ಒಪ್ಪಂದವಾಗಿತ್ತು. ಗುತ್ತಿಗೆದಾರ ಮಷಿನ್ ತಂದು ಎತ್ತಿದ. ಅರ್ಧಕ್ಕರ್ಧ ಮುರಿದವು. ಉಳಿದವಕ್ಕೆ ಯಾರೂ ಸೀಮೆಸುಣ್ಣದಲ್ಲಿ ಒಂದು ನಂಬರ್ ಕೂಡ ಬರೆದಿರಲಿಲ್ಲ. ಮೇಲ್ವಿಚಾರಣೆಗೆ ಇದ್ದವನು ನಾನೇ, ಆ ಮಧ್ಯಾಹ್ನ ಬೇರೆ ಸೈಟಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹನ್ನೊಂದು ಪ್ಲಾಸ್ಟಿಕ್ ಕ್ರೇಟಿನ ತುಂಬ ಸಿಂಹ, ಹೂವು, ಅರ್ಧ ಅಕ್ಷರ. ಅವು ಮತ್ತೆ ನೆಲಕ್ಕೆ ಬರಲೇ ಇಲ್ಲ.

ತೆಗೆದು ಮಾರಿದರಾಯಿತು ಅನ್ನುವವರಿಗೆ ಹೆರೆಫರ್ಡ್‌ನ ಕಥೆ ಹೇಳಿ. ಅಲ್ಲಿನ ಕೆಥೀಡ್ರಲ್ಲಿಗೆ ಸ್ಕಾಟ್ ಒಂದು ಲೋಹದ ತೆರೆ, ಅಂದರೆ ಜನ ಕೂರುವ ಕಡೆಗೂ ಬಲಿಪೀಠದ ಕಡೆಗೂ ನಡುವೆ ನಿಲ್ಲುವ ಜಾಲರಿ, ಮಾಡಿಸಿದ್ದ. ಕಬ್ಬಿಣ, ಹಿತ್ತಾಳೆ, ತಾಮ್ರದ್ದು, ಹತ್ತು ಮೀಟರಿಗೂ ಎತ್ತರ. ಕವೆಂಟ್ರಿಯ ಸ್ಕಿಡ್‌ಮೋರ್ ಎರಕ ಹೊಯ್ದು ಜೋಡಿಸಿದ್ದು. 1862ರ ಲಂಡನ್ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ್ದರು. 1967ರಲ್ಲಿ 'ಹಳೇ ಫ್ಯಾಷನ್' ಅಂತ ಬಿಚ್ಚಿದರು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕೊನೆಗೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಲಕ್ಷಾಂತರ ಪೌಂಡ್ ಸುರಿದು ಜೋಡಿಸಿ 2001ರಲ್ಲಿ ಜನರ ಮುಂದಿಟ್ಟಿತು. ಸಾಲಿಸ್‌ಬರಿ ಕೆಥೀಡ್ರಲ್ಲೂ ತನ್ನ ತೆರೆ ತೆಗೆಯಿತು. ಲಿಚ್‌ಫೀಲ್ಡ್ ಕೆಥೀಡ್ರಲ್ ತನ್ನದನ್ನು ಸುಮ್ನೆ ಬಿಟ್ಟುಕೊಂಡಿತು. ಇವತ್ತು ಅಂಥದ್ದನ್ನು ಚರ್ಚಿನೊಳಗೇ ನೋಡಬೇಕಂದರೆ ಜನ ಲಿಚ್‌ಫೀಲ್ಡ್‌ಗೆ ಹೋಗುತ್ತಾರೆ. ನಿಮ್ಮ ಬೆಂಚು ಅಷ್ಟು ದೊಡ್ಡ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಒಂದು ಕಾಲದ ಅಭಿರುಚಿ ಮುಂದಿನ ಕಾಲಕ್ಕೆ ಎಷ್ಟು ಬೇಗ ಮುಜುಗರ ತರುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ಎರಡನೇ ಗುಂಪಿನವರ ಹಾಗೆ ಏನನ್ನೂ ಮುಟ್ಟದಿರುವುದು ಇನ್ನೊಂದು ದಾರಿ. ಇದರಲ್ಲೂ ಅಪಾಯವಿದೆ. ಜನವರಿಯಲ್ಲಿ ಜನ ಬರದ ಚರ್ಚಿಗೆ ಹತ್ತು ವರ್ಷದಲ್ಲಿ ಬೀಗ ಬೀಳುತ್ತದೆ, ಆಮೇಲೆ ಸ್ಕಾಟ್‌ನ ಬೆಂಚಿನ ಮೇಲೆ ಬಾವಲಿಗಳೇ ಗತಿ. (ಇಂಗ್ಲೆಂಡಿನಲ್ಲಿ ಬಾವಲಿಗಳಿಗೆ ಕಾನೂನಿನ ರಕ್ಷಣೆಯಿದೆ, ಓಡಿಸುವುದಕ್ಕೂ ಅನುಮತಿ ಬೇಕು. ಬೆಂಚಿಗಿಂತ ಅವನ್ನು ಎಬ್ಬಿಸುವುದು ಕಷ್ಟ.) ಸ್ಕಾಟ್ ಮುಟ್ಟಿದ್ದೆಲ್ಲ ಪವಿತ್ರ ಅನ್ನುವ ಕಾನೂನು ಎಲ್ಲೂ ಇಲ್ಲ.

ನಾನಾಗಿದ್ದರೆ ನಡುದಾರಿ ಹಿಡಿಯುತ್ತಿದ್ದೆ. ಹಿಂದಿನ ಎರಡು ಮೂರು ಸಾಲು ಬೆಂಚು ಮಾತ್ರ ಸರಿಸಿ, ಅಲ್ಲಿ ಚಹಾ ಮಾಡುವ ಜಾಗ, ಮಕ್ಕಳ ಜಾಗ, ವೀಲ್‌ಚೇರ್ ನಿಲ್ಲಿಸುವ ಜಾಗ. ಕೆತ್ತನೆಯಿರುವ ಕೊನೆಹಲಗೆಗಳು, ಚಾನ್ಸೆಲ್ಲಿನ (ಬಲಿಪೀಠವಿರುವ ಭಾಗದ) ಟೈಲ್ಸ್, ಮುಂದಿನ ಸಾಲುಗಳು ಹಾಗೇ ಇರಲಿ. ಉಳಿದ ಬೆಂಚುಗಳಡಿಗೆ ಸಣ್ಣ ವಿದ್ಯುತ್ ಹೀಟರ್ ಕೂರಿಸಿ. ಕಟ್ಟಡ ಬಿಸಿ ಮಾಡುವ ಬದಲು ಕೂತವರ ಕಾಲು ಬಿಸಿ ಮಾಡಿ. ಇದಕ್ಕೆ ಬೆಂಚೇ ಬೇಕು ನೋಡಿ, ಕುರ್ಚಿಯಡಿ ಈ ಹೀಟರ್ ಕೂರುವುದಿಲ್ಲ. ವೈರಿಂಗ್ ಹಳೆಯದಾಗಿದ್ದರೆ ಅದರ ಖರ್ಚು ಮೊದಲೇ ಲೆಕ್ಕ ಹಾಕಿ, ಹೆಚ್ಚಿನವರು ಎಡವುವುದು ಅಲ್ಲೇ.

ಅನುಮತಿಯ ವಿಷಯ ಚಿಕ್ಕದಾಗಿ. ಅಲ್ಲಿ ಬೆಂಚು ತೆಗೆಯಲು ಡಯಾಸಿಸ್‌ನ (ಬಿಷಪ್ಪರ ಆಡಳಿತ ವಲಯದ) ಚರ್ಚ್ ನ್ಯಾಯಾಲಯದಿಂದ 'ಫ್ಯಾಕಲ್ಟಿ' ಎಂಬ ಅನುಮತಿ ಬೇಕು. ಅರ್ಜಿಗೆ ಮೊದಲೇ ಡಯಾಸಿಸ್‌ನ ಸಲಹಾ ಸಮಿತಿಯನ್ನು ಕರೆಸಿ ತೋರಿಸಿ. ವಿಕ್ಟೋರಿಯನ್ ಸೊಸೈಟಿಯನ್ನೂ ಆಗಲೇ ಮಾತಾಡಿಸಿ, ಅರ್ಜಿ ಹಾಕಿದ ಮೇಲೆ ಅಲ್ಲ. 1958ರಲ್ಲಿ ಹುಟ್ಟಿದ ಸಂಘ ಅದು. ಸ್ಕಾಟ್‌ನ ಸೇಂಟ್ ಪ್ಯಾಂಕ್ರಸ್ ಹೋಟೆಲು ಕೆಡವದಂತೆ ಹೋರಾಡಿದವರಲ್ಲಿ ಅವರೂ ಇದ್ದರು. ಅವರು ಎಲ್ಲದಕ್ಕೂ ಬೇಡ ಅನ್ನುತ್ತಾರೆ ಎನ್ನುವುದು ಬರೀ ಹೆದರಿಕೆ. ನ್ಯಾಯಾಲಯ 2012ರ ಡಫೀಲ್ಡ್ ಚರ್ಚಿನ ಪ್ರಕರಣದಿಂದ ಬಂದ ಕೆಲವು ಪ್ರಶ್ನೆ ಕೇಳುತ್ತದೆ: ಇದರಿಂದ ಕಟ್ಟಡದ ಮಹತ್ವಕ್ಕೆ ಧಕ್ಕೆಯಾಗುತ್ತದಾ, ಎಷ್ಟು, ಅದನ್ನು ಮೀರುವ ಪ್ರಯೋಜನ ಯಾರಿಗೆ? 'ಸ್ಕಾಟ್ ಕೆಟ್ಟವನು' ಅನ್ನುವುದು ಇದರಲ್ಲಿ ಯಾವುದಕ್ಕೂ ಉತ್ತರವಲ್ಲ. 'ನಡೆಯಲಾಗದ ನಾಲ್ಕು ಜನಕ್ಕೆ ಕೂರಲು ಜಾಗವಿಲ್ಲ' ಅನ್ನುವುದು ಉತ್ತರ. ಹಿಂದಿನ ಸಾಲು ತಾತ್ಕಾಲಿಕವಾಗಿ ಸರಿಸಿ ನೋಡಲು ಆರ್ಚ್‌ಡೀಕನ್, ಅಂದರೆ ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ, ಲೈಸೆನ್ಸ್ ಕೊಡಬಹುದು. ಅದನ್ನು ಮೊದಲು ಕೇಳಿ. ಒಂದು ಚಳಿಗಾಲ ಹಾಗಿದ್ದು ನೋಡಿ. ಸರಿಬರದಿದ್ದರೆ ಬೆಂಚು ವಾಪಸ್ ಇಟ್ಟರಾಯಿತು.

ಆದರೆ ಇದೆಲ್ಲಕ್ಕಿಂತ ಮುಂಚೆ ನೀರಿನ ಕೆಲಸ. ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯಂಥ ಪರಿಣತರೊಬ್ಬರು ನಿಮ್ಮ ಚರ್ಚ್ ನೋಡಿ ವರದಿ ಬರೆಯಬೇಕು, 1955ರಿಂದ ಅದು ಕಡ್ಡಾಯ. ಆ ವರದಿ ಯಾವುದೋ ಕಪಾಟಿನಲ್ಲಿ ಇದ್ದೇ ಇರುತ್ತದೆ. ಮಳೆನೀರಿನ ದೋಣಿ, ಕೊಳವೆ ಬಗ್ಗೆ ಏನು ಬರೆದಿದ್ದಾರೆ ಅಂತ ಮೊದಲು ಓದಿ. ದೋಣಿ ತೊಳೆಯಲು ಯಾರ ಅನುಮತಿಯೂ ಬೇಡ. ಸಿಮೆಂಟ್ ಸಂದು ತೆಗೆದು ಸುಣ್ಣ ತುಂಬುವುದು ಆಮೇಲೆ, ಸುಣ್ಣದ ಕೆಲಸ ಬಲ್ಲವರಿಂದಲೇ. ಅವಸರದಲ್ಲಿ ಸಿಮೆಂಟ್ ಕುಟ್ಟಿ ತೆಗೆದರೆ ಕಲ್ಲಿನ ಅಂಚು ಹಾರುತ್ತದೆ. ಹೊರಗೋಡೆಗೆ ಸುಣ್ಣ ತುಂಬಿದ ಮೇಲೂ ಒಳಗಿನ ತೇವ ಆರಲು ಒಂದೆರಡು ವರ್ಷ ಬೇಕು. ಅಷ್ಟು ದಿನ ಒಳಗಡೆ ಹೊಸ ಪೇಂಟ್ ಅಂತ ಯಾರೂ ಹೊರಡದಂತೆ ನೋಡಿಕೊಳ್ಳಿ.

ಮುಂದಿನ ಸಲ ಜೋರು ಮಳೆ ಬಂದಾಗ ಕೊಡೆ ಹಿಡಿದು ಚರ್ಚಿನ ಸುತ್ತ ಒಂದು ಸುತ್ತು ಹಾಕಿ. ನಮ್ಮ ಕರಾವಳಿಯಲ್ಲಿ ಹುಟ್ಟಿದವರಿಗೆ ಮಳೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಲು ಯಾರೂ ಹೇಳಿಕೊಡಬೇಕಿಲ್ಲ. ದೋಣಿಯ ತುದಿಯಿಂದ ಗೋಡೆಗೆ ನೀರು ಹರಿಯುವ ಜಾಗದ ಫೋಟೋ ತೆಗೆದುಕೊಳ್ಳಿ. ಒಳಗೆ ಹೋಗಿ ಅದೇ ಜಾಗದಲ್ಲಿ ಶೀತ ಎಷ್ಟು ಎತ್ತರವಿದೆ ಅಂತ ಪೆನ್ಸಿಲಿನಲ್ಲಿ ಮೆಲ್ಲಗೆ ಒಂದು ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಸಭೆಗೆ ಬೆಂಚಿನ ಮಾತು ಎತ್ತುವ ಮೊದಲು ಆ ಎರಡನ್ನೂ ಮೇಜಿನ ಮೇಲಿಡಿ.